ಹಬ್ಬದ ವ್ಯಾಪಾರದಲ್ಲಿ ಕೈಕಸುಬಿನ ಬೆಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನೂ ನನ್ನ ಅತ್ತಿಗೆಯೂ ಮನೆಯಲ್ಲಿಯೇ ಓಲೆಯ ಚೀಲ, ಬುಟ್ಟಿ, ಅಡಿಕೆ ಹಾಳೆಯ ಪೆಟ್ಟಿಗೆಗಳನ್ನು ತಯಾರಿಸಿ ಮಾರುತ್ತೇವೆ. ಓಣಂನಿಂದ ಕ್ರಿಸ್‌ಮಸ್‌ವರೆಗೆ ಬೇಡಿಕೆ ಚೆನ್ನಾಗಿರುತ್ತದೆ. ಆದರೆ ಬಂದವರೆಲ್ಲ, ದೊಡ್ಡ ಮಳಿಗೆಗಳಲ್ಲಿಯೂ ಆನ್‌ಲೈನ್‌ನಲ್ಲಿಯೂ ಅರ್ಧ ಬೆಲೆಗೆ ಸಿಗುತ್ತದೆ, ನೀವೂ ರಿಯಾಯಿತಿ ಕೊಡಿ ಎಂದು ಕೇಳುತ್ತಾರೆ. ಶೇಕಡಾ 20ರಷ್ಟು ಇಳಿಸಬಹುದೇ?
– ಓದುಗರು, ಮುಳ್ಳೇರಿಯ

ಉತ್ತರ: ಇಳಿಸಬೇಡಿ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಕಾರಣವನ್ನು ಲೆಕ್ಕದಲ್ಲಿಯೇ ನೋಡೋಣ. ಒಂದು ಚೀಲಕ್ಕೆ ಓಲೆ, ಬಣ್ಣ, ಒಳಬಟ್ಟೆ, ಹಿಡಿಗೆ ಸೇರಿ 80 ರೂಪಾಯಿ ತಗಲುತ್ತದೆಂದೂ, ಅದನ್ನು ಹೆಣೆದು ಮುಗಿಸಲು ನಾಲ್ಕು ಗಂಟೆ ಬೇಕೆಂದೂ ಇಟ್ಟುಕೊಳ್ಳಿ. ದಿನಕ್ಕೆ ಎಂಟು ಗಂಟೆಯ ದುಡಿಮೆಗೆ 600 ರೂಪಾಯಿ ಕೂಲಿ ಹಿಡಿದರೆ ಗಂಟೆಗೆ 75 ರೂಪಾಯಿಯಂತೆ ಚೀಲವೊಂದರ ಕೂಲಿ 300 ರೂಪಾಯಿಯಾಗುತ್ತದೆ. ಕಟ್ಟುವ ಕಾಗದಕ್ಕೆ 20, ಬಸ್ಸಿನ ಖರ್ಚು ಮತ್ತು ಸ್ಟಾಲಿನ ಬಾಡಿಗೆಯ ಪಾಲಿಗೆ 40 ಸೇರಿದರೆ ಅಸಲು 440 ರೂಪಾಯಿ. ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇಕಡಾ 30ರಷ್ಟನ್ನು ಇಟ್ಟುಕೊಳ್ಳುವುದಾದರೆ ಚೀಲವನ್ನು 630 ರೂಪಾಯಿಗೆ ಮಾರಿದಾಗ ನಿಮ್ಮ ಕೈಗೆ 441 ರೂಪಾಯಿ ಬರುತ್ತದೆ. ಅಂದರೆ ಅಸಲು ಹುಟ್ಟಿತು, ಅಷ್ಟೇ. ಈಗ ಶೇಕಡಾ 20 ಇಳಿಸಿ 504ಕ್ಕೆ ಮಾರಿದರೆ ಅಂಗಡಿಯ ಪಾಲು ಕಳೆದು ನಿಮಗೆ ಉಳಿಯುವುದು ಸುಮಾರು 353 ರೂಪಾಯಿ. ಓಲೆಯ ಬೆಲೆಯಾಗಲಿ ಬಸ್ಸಿನ ದರವಾಗಲಿ ನಿಮಗಾಗಿ ಇಳಿಯುವುದಿಲ್ಲವಾದ್ದರಿಂದ ಆ ಕೊರತೆಯೆಲ್ಲವೂ ನಿಮ್ಮ ಕೂಲಿಯಿಂದಲೇ ಹೋಗುತ್ತದೆ, ಗಂಟೆಯ ಸಂಬಳ 75ರಿಂದ 53ಕ್ಕೆ ಬರುತ್ತದೆ. ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಕೂಲಿ ಬರೆಯುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಲ್ಲಿ ಕಡಿಮೆ. ನಷ್ಟವು ಕಣ್ಣಿಗೆ ಬೀಳದೆ ಹೋಗುವುದು ಅದರಿಂದಲೇ. ದಯವಿಟ್ಟು ಇಂದೇ ಒಂದು ಪುಸ್ತಕದಲ್ಲಿ ಗಂಟೆಗಳನ್ನು ಬರೆದಿಡಲು ತೊಡಗಿ.

ಕೈಮಗ್ಗದ ಮಳಿಗೆಗಳಲ್ಲಿ ಓಣಂ, ವಿಷು, ಕ್ರಿಸ್‌ಮಸ್ ಸಮಯದಲ್ಲಿ ಸಿಗುವ ಶೇಕಡಾ 20ರ ರಿಬೇಟನ್ನು ಗ್ರಾಹಕರು ನಿಮ್ಮೆದುರು ಉದಾಹರಣೆಯಾಗಿ ಹೇಳಬಹುದು. ಆ ರಿಯಾಯಿತಿಯ ಹಣವನ್ನು ಕೇರಳ ಸರಕಾರವು ಸಹಕಾರಿ ಸಂಘಗಳಿಗೆ ತುಂಬಿಕೊಡಬೇಕಾಗಿರುವುದರಿಂದ ಅದು ನೇಕಾರರ ಕೂಲಿಯಿಂದ ಕಳೆಯುವ ಹಣವಲ್ಲ. ನಿಮಗೆ ಹಾಗೆ ತುಂಬಿಕೊಡುವವರು ಯಾರೂ ಇಲ್ಲ. ಇದನ್ನು ಕೇಳಿದವರಿಗೆ ಸಮಾಧಾನದಿಂದ ವಿವರಿಸಿ ಹೇಳಿದರೆ ಹೆಚ್ಚಿನವರಿಗೆ ಅರ್ಥವಾಗುತ್ತದೆ. ಏನಾದರೂ ಕೊಡಲೇಬೇಕೆಂದು ಅನಿಸಿದರೆ ಬೆಲೆಯನ್ನು ಮುಟ್ಟದೆ, ಎರಡು ಚೀಲ ಕೊಂಡವರಿಗೆ ಉಳಿದ ಓಲೆಯಲ್ಲಿ ಮಾಡಿದ ಪುಟ್ಟ ಪರ್ಸೊಂದನ್ನು ಕೊಡಿ.

ನನಗೆ ನಿಮ್ಮ ನಿಜವಾದ ಕಷ್ಟ ಬೆಲೆಗಿಂತ ಸಮಯದ್ದೆಂದು ತೋರುತ್ತದೆ. ಓಣಂ ಬರುವುದು ಸೋಣ ತಿಂಗಳಲ್ಲಿ, ಆಟಿಯ ಮಳೆಯ ಬೆನ್ನಿಗೆ. ಆಗ ಮಾರಬೇಕಾದ ಸರಕನ್ನು ಜಡಿಮಳೆಯಲ್ಲಿ ಹೆಣೆಯಬೇಕಾಗುತ್ತದೆ, ಓಲೆ ಒಣಗುವುದಿಲ್ಲ, ಹಾಳೆಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಓಲೆಯ ಮುಳ್ಳು ತೆಗೆದು ಸೀಳಿ ಒಣಗಿಸುವ ಕೆಲಸವನ್ನೂ ಹಾಳೆ ಸಂಗ್ರಹವನ್ನೂ ಏಪ್ರಿಲ್, ಮೇ ತಿಂಗಳಲ್ಲಿಯೇ ಮುಗಿಸಿ, ಹೊಗೆ ತಾಗುವ ಅಟ್ಟದಲ್ಲಿ ಕಟ್ಟಿಡಿ. ಗಡಿನಾಡಿನವರಿಗೆ ಇನ್ನೊಂದು ಅನುಕೂಲವಿದೆ: ಬೇರೆಡೆಯ ಕುಶಲಕರ್ಮಿಗಳು ದೀಪಾವಳಿಯ ಹಿಂದುಮುಂದಿನ ಕೆಲವೇ ವಾರಗಳನ್ನು ನಂಬಿ ಕೂರಬೇಕಾದರೆ, ನಮ್ಮಲ್ಲಿ ಓಣಂ, ಚೌತಿ, ನವರಾತ್ರಿ, ದೀಪಾವಳಿ, ಕ್ರಿಸ್‌ಮಸ್, ಮತ್ತೆ ಏಪ್ರಿಲ್ ನಡುವಿನ ವಿಷು, ಇವುಗಳ ನಡುವೆ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ ಬರುವ ಈದ್ ಹಬ್ಬಗಳು, ಹೀಗೆ ಬೇಡಿಕೆ ವರ್ಷದುದ್ದಕ್ಕೂ ಹರಡಿಕೊಂಡಿದೆ. ಪ್ರತಿ ಹಬ್ಬಕ್ಕೂ ಆರ್ಡರಿನ ಕೊನೆಯ ದಿನವನ್ನು ಮೊದಲೇ ತಿಳಿಸಿ, ಅರ್ಧ ಹಣ ಮುಂಗಡ ಪಡೆಯಿರಿ. ಆ ದಿನ ದಾಟಿದ ಮೇಲೆ ಬಂಧುಗಳೇ ಕೇಳಿದರೂ ಮುಂದಿನ ಹಬ್ಬಕ್ಕೆ ಕೊಡುತ್ತೇನೆ ಎನ್ನಿ. ಎರಡು ಜೊತೆ ಕೈಗಳು ಹೆಣೆಯಬಲ್ಲಷ್ಟನ್ನೇ ಒಪ್ಪಿಕೊಂಡು ಹೇಳಿದ ದಿನಕ್ಕೆ ಕೊಟ್ಟವರ ಬಳಿಗೆ ಗ್ರಾಹಕರು ಮರಳಿ ಬರುತ್ತಾರೆ.

ನಿಮ್ಮ ಕಸುಬಿಗೆ ಸಾಲ ಬೇಕಿದ್ದರೆ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ ಮತ್ತು ಚಾಪೆ ಹೆಣೆಯುವುದೂ ಸೇರಿದೆ. ಮೊದಲ ಹಂತದಲ್ಲಿ 1 ಲಕ್ಷ ರೂಪಾಯಿವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ಸಿಗುತ್ತದೆ.

ಪ್ರಶ್ನೆ: ನಾನು ಕೈಕಸೂತಿಯ ಬಟ್ಟೆಗಳನ್ನು ಮಾಡುತ್ತೇನೆ. ನಮಗೆ ಹತ್ತಿರದ ಪೇಟೆ ಮಂಗಳೂರು. ದೀಪಾವಳಿಗೆ ಅಲ್ಲಿನ ಅಂಗಡಿಗೆ ಸರಕು ಕೊಡಬೇಕಾದರೆ ಜಿ.ಎಸ್.ಟಿ. ನೋಂದಣಿ ಬೇಕೆಂದು ಒಬ್ಬರು ಹೆದರಿಸಿದ್ದಾರೆ. ವರ್ಷದ ವ್ಯಾಪಾರ ಎರಡು ಲಕ್ಷವನ್ನೂ ಮುಟ್ಟುವುದಿಲ್ಲ.
– ಓದುಗರು, ಮಂಜೇಶ್ವರ

ಉತ್ತರ: ಅವರ ಮಾತು ಪೂರ್ತಿ ತಪ್ಪಲ್ಲ, ಆದರೆ ನಿಮಗೆ ಅನ್ವಯಿಸುವುದಿಲ್ಲ. ತಲಪಾಡಿ ದಾಟಿದ ಕೂಡಲೇ ನಿಮ್ಮ ಮಾರಾಟವು ಅಂತರರಾಜ್ಯ ಮಾರಾಟವಾಗುತ್ತದೆ, ಮತ್ತು ಸಾಮಾನ್ಯ ಸರಕಾದರೆ ವ್ಯಾಪಾರ ಎಷ್ಟೇ ಚಿಕ್ಕದಿದ್ದರೂ ಅದಕ್ಕೆ ನೋಂದಣಿ ಕಡ್ಡಾಯ. ಗಡಿಯ ಅಂಚಿನಲ್ಲಿ ಬದುಕುವವರಿಗೆ ಈ ನಿಯಮ ಭಾರವೆಂಬುದು ನಿಜ. ಆದರೆ ಮುಖ್ಯವಾಗಿ ಕೈಯಿಂದಲೇ ತಯಾರಾದ, ಸರಕಾರದ ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ 2017ರಿಂದಲೇ ವಿನಾಯಿತಿ ಇದೆ. ವರ್ಷದ ಒಟ್ಟು ವ್ಯಾಪಾರ 20 ಲಕ್ಷ ರೂಪಾಯಿ ಮೀರದಿದ್ದರೆ ನೋಂದಣಿ ಬೇಕಾಗಿಲ್ಲ. ಇದಕ್ಕೆ ಎರಡು ಷರತ್ತುಗಳಿವೆ. ನಿಮ್ಮ ಹೆಸರಿನಲ್ಲಿ ಪ್ಯಾನ್ ಇರಬೇಕು. ಸರಕಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಸಾಗಿಸುವಾಗ ಇ-ವೇ ಬಿಲ್ (ಸರಕು ಸಾಗಾಟಕ್ಕೆ ಆನ್‌ಲೈನ್‌ನಲ್ಲಿ ಪಡೆಯುವ ದಾಖಲೆ) ಮಾಡಿಸಬೇಕು. ಈ ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ, ಏಕೆಂದರೆ ಉಳಿದ ಸರಕಿಗೆ 50,000 ರೂಪಾಯಿ ದಾಟಿದರೆ ಮಾತ್ರ ಅದು ಬೇಕೆಂದು ಕೇಳಿರುತ್ತಾರೆ. ನಿಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ತೆರಿಗೆ ಸಲಹೆಗಾರರೊಬ್ಬರಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.

ಮುಂದೆ ದೊಡ್ಡ ಆನ್‌ಲೈನ್ ತಾಣಗಳ ಮೂಲಕ ಮಾರುವ ಯೋಚನೆಯಿದ್ದರೆ, ಅಲ್ಲಿ ನಿಯಮ ಬೇರೆ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ನೋಂದಣಿಯಿಲ್ಲದೆ, ಕೇವಲ ಒಂದು ದಾಖಲಾತಿ ಸಂಖ್ಯೆ ಪಡೆದು ಅಂಥ ತಾಣಗಳಲ್ಲಿ ಮಾರಬಹುದಾದರೂ, ಆ ಸೌಲಭ್ಯ ಸ್ವಂತ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ.

ಪ್ರಶ್ನೆ: ಕಳೆದ ಹಬ್ಬಕ್ಕೆ ಅಂಗಡಿಯೊಂದಕ್ಕೆ ಕೊಟ್ಟ ಮಣ್ಣಿನ ಹಣತೆಗಳ ಹಣ ಇನ್ನೂ ಬಂದಿಲ್ಲ. ಏನು ಮಾಡಲಿ?
– ಓದುಗರು, ಪೆರ್ಲ

ಉತ್ತರ: ಹಣತೆಗಳನ್ನು ಅವರು ಕೊಂಡರೇ, ಅಥವಾ ಮಾರಾಟವಾದರೆ ಹಣ, ಇಲ್ಲವಾದರೆ ವಾಪಸು ಎಂಬ ಕರಾರಿನಲ್ಲಿ ಇಟ್ಟುಕೊಂಡರೇ ಎಂಬುದನ್ನು ಮೊದಲು ನೋಡಿ. ಕೊಂಡದ್ದಾದರೆ, ಮತ್ತು ಸರಕು ಕೊಡುವ ಮೊದಲೇ ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರಕಾರದ ನೋಂದಣಿ) ಮಾಡಿಸಿದ್ದರೆ, 2006ರ ಸಣ್ಣ ಉದ್ಯಮಗಳ ಕಾಯಿದೆ ನಿಮ್ಮ ಬೆಂಬಲಕ್ಕಿದೆ: ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೂ 45 ದಿನ ಮೀರದಂತೆ ಅವರು ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಸೇರುತ್ತದೆ. ಈ ನೋಂದಣಿಗೆ ಶುಲ್ಕವಿಲ್ಲ. ಇನ್ನೂ ಮಾಡಿಸಿಲ್ಲವಾದರೆ ಮುಂದಿನ ಹಬ್ಬಕ್ಕಿಂತ ಮೊದಲು ಮಾಡಿಸಿ, ಸರಕು ಇಳಿಸುವಾಗ ದಿನಾಂಕ ಮತ್ತು ಸಹಿ ಇರುವ ಚೀಟಿಯನ್ನು ತಪ್ಪದೆ ಪಡೆಯಿರಿ. ಈಗಿನ ಬಾಕಿಗೆ ಲಿಖಿತ ನೋಟೀಸು ಕಳುಹಿಸುವುದು ಮೊದಲ ಹೆಜ್ಜೆ.

ಪ್ರಶ್ನೆ: ಹಬ್ಬಕ್ಕೆ ತಾಯಿಗೆ ಕಾಸರಗೋಡು ಸೀರೆ ಕೊಡಿಸಬೇಕೆಂದಿದ್ದೇನೆ. ಅಸಲಿಯನ್ನು ಗುರುತಿಸುವುದು ಹೇಗೆ?
– ಓದುಗರು, ಕುಂಬಳೆ

ಉತ್ತರ: ಒಳ್ಳೆಯ ಯೋಚನೆ. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವುದರಿಂದ ಆ ಹೆಸರನ್ನು ಯಾರು ಬೇಕಾದರೂ ಬಳಸುವಂತಿಲ್ಲ. ಸೀರೆಯ ಅಂಚಿನಲ್ಲಿ ಕಾಣುವ ಸೂಜಿಯ ತೂತುಗಳನ್ನೇ ಕೈಮಗ್ಗದ ಗುರುತೆಂದು ಕೆಲವರು ಹೇಳುತ್ತಾರೆ. ವಿದ್ಯುತ್ ಮಗ್ಗದಲ್ಲಿಯೂ ಅಂಥ ಗುರುತು ಬೀಳಬಹುದಾದ್ದರಿಂದ ಅದೊಂದನ್ನೇ ನಂಬಬೇಡಿ. ಕೈಮಗ್ಗದ ಬಟ್ಟೆಯೆಂದು ತಿಳಿಸುವ, 2006ರಲ್ಲಿ ಜಾರಿಗೆ ಬಂದ ಸರಕಾರಿ ಗುರುತಾದ ಹ್ಯಾಂಡ್‌ಲೂಮ್ ಮಾರ್ಕ್ ಇದೆಯೇ ನೋಡಿ. ಎಲ್ಲಕ್ಕಿಂತ ನೇರವಾದ ದಾರಿ 1938ರಲ್ಲಿ ಸ್ಥಾಪನೆಯಾದ ಕಾಸರಗೋಡಿನ ನೇಕಾರರ ಸಹಕಾರಿ ಸಂಘದಿಂದಲೇ ಕೊಳ್ಳುವುದು. ರಿಬೇಟಿನ ದಿನಗಳಲ್ಲಿ ಹೋದರೆ ಬೆಲೆಯೂ ಹಗುರವಾಗುತ್ತದೆ. ಆದರೆ ಹಬ್ಬದ ಹಿಂದಿನ ದಿನದವರೆಗೆ ಕಾಯಬೇಡಿ, ಬೇಕಾದ ಬಣ್ಣ ಆಗ ಉಳಿದಿರುವುದಿಲ್ಲ.