ಹಳೆಯ ಡೀಸೆಲ್ ಪಿಕಪ್‌ನಲ್ಲಿ ಬಿಡದೆ ಕಾಡುವ ಮಿಸ್ಸಿಂಗ್: ಪಂಪ್ ಬಿಚ್ಚಿಸುವ ಮೊದಲು

ಡೀಸೆಲನ್ನು ಒತ್ತಡದಲ್ಲಿ ಸಿಲಿಂಡರ್‌ಗಳಿಗೆ ಕಳಿಸುವ ಪಂಪನ್ನು ಈಗಲೇ ಬಿಚ್ಚಿಸಬೇಡಿ. ನಿಮ್ಮ ಹಳೆಯ ಪಿಕಪ್ ಬೆಳಗಿನ ಹೊತ್ತು ನಡುಗುತ್ತಾ ಕಣ್ಣುರಿಸುವ ಬಿಳಿ ಹೊಗೆ ಬಿಡುತ್ತದೆ, ಬಿಸಿಯಾದ ಮೇಲೆ ಹೊಗೆ ಕಡಿಮೆಯಾದರೂ ಮಿಸ್ಸಿಂಗ್, ಅಂದರೆ ಸಿಲಿಂಡರ್‌ನಲ್ಲಿ ಡೀಸೆಲ್ ಸರಿಯಾಗಿ ಉರಿಯದೆ ಹೊಡೆತ ತಪ್ಪುವುದು, ಪೂರ್ತಿ ನಿಲ್ಲುವುದಿಲ್ಲ, ಡೀಸೆಲ್ ಫಿಲ್ಟರನ್ನೂ ಡೀಸೆಲ್ ಸಿಂಪಡಿಸುವ ನಾಲ್ಕು ನಾಝಲ್‌ಗಳನ್ನೂ ಬದಲಾಯಿಸಿದ ಮೇಲೂ ಗುಣ ಕಾಣದೆ ಈಗ ಪಂಪ್ ಕೆಲಸಕ್ಕೆ ಹಾಕಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಹಳೆಯ ಡೀಸೆಲ್ ಗಾಡಿಗಳ ಕೆಲಸವನ್ನೇ ಮಾಡಿಕೊಂಡು ಬಂದಿರುವ ನನಗೆ ಇಲ್ಲಿ ಎದ್ದು ಕಾಣುವುದು ಒಂದೇ ಕೊರತೆ: ಇಷ್ಟು ಹಣ ಖರ್ಚಾದರೂ ಮಿಸ್ಸಿಂಗ್ ಯಾವ ಸಿಲಿಂಡರ್‌ನಲ್ಲಿದೆ, ಅಲ್ಲಿಗೆ ಡೀಸೆಲ್ ತಲುಪುತ್ತಿಲ್ಲವೋ ಅಥವಾ ತಲುಪಿದ ಡೀಸೆಲ್ ಉರಿಯುತ್ತಿಲ್ಲವೋ ಎಂಬುದನ್ನು ಯಾರೂ ನೋಡಿದಂತಿಲ್ಲ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ಆದ್ದರಿಂದ ಒಂದೇ ಸಿಲಿಂಡರ್ ಸತತವಾಗಿ ಮಿಸ್ ಆಗುತ್ತಿದ್ದರೆ ಅಲ್ಲಿ ಡೀಸೆಲ್‌ನ ಸಿಂಪಡಣೆ ಕೆಟ್ಟಿರಬೇಕು, ಇಲ್ಲವೇ ಕಂಪ್ರೆಷನ್, ಅಂದರೆ ಗಾಳಿಯನ್ನು ಒತ್ತುವ ಒತ್ತಡ, ಕುಸಿದಿರಬೇಕು. ಪೈಪ್ ಬಿರುಕಿನಿಂದ ಏರ್ ಹಿಡಿಯುವುದು, ಟ್ಯಾಂಕಿನಲ್ಲಿ ನೀರು ಸೇರುವುದು, ಫಿಲ್ಟರ್ ಕಟ್ಟಿಕೊಳ್ಳುವುದು, ಪಂಪ್ ಟೈಮಿಂಗ್ ತಪ್ಪುವುದು, ಇವೆಲ್ಲ ಸಾಮಾನ್ಯವಾಗಿ ನಾಲ್ಕೂ ಸಿಲಿಂಡರ್‌ಗಳನ್ನು ಬಾಧಿಸುತ್ತವೆಯೇ ಹೊರತು ಒಂದನ್ನೇ ಆರಿಸಿ ಹಿಡಿಯುವುದಿಲ್ಲ. ಇನ್ನು ಕಣ್ಣುರಿಸುವ ಬಿಳಿ ಹೊಗೆ ಎಂದರೆ ಉರಿಯದ ಡೀಸೆಲ್ಲಿನ ಆವಿ. ಅಂದರೆ ಡೀಸೆಲ್ ಒಳಗೆ ಹೋಗುತ್ತಲೇ ಇದೆ, ಉರಿಯದೆ ಹೊರಗೆ ಬರುತ್ತಿದೆ. ಪಂಪ್ ಆ ಸಿಲಿಂಡರ್‌ಗೆ ಡೀಸೆಲ್ ಕೊಡುವುದನ್ನೇ ನಿಲ್ಲಿಸಿದ್ದರೆ ಮಿಸ್ಸಿಂಗ್ ಇರುತ್ತಿತ್ತು, ಇಂತಹ ಹೊಗೆ ಇರುತ್ತಿರಲಿಲ್ಲ. ನನ್ನ ಅನುಮಾನ ಪಂಪನ್ನು ಬಿಟ್ಟು ಕಂಪ್ರೆಷನ್ ಕಡೆಗೆ, ಅಥವಾ ಹೊಸ ನಾಝಲ್‌ಗಳನ್ನು ಕೂರಿಸಿದ ರೀತಿಯ ಕಡೆಗೆ ಹೊರಳುವುದು ಈ ಕಾರಣಕ್ಕೆ.

ಮೊದಲು ಸಿಲಿಂಡರನ್ನು ಗುರುತಿಸಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಎಗ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕೂ ಕವಲುಗಳ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆದರೆ ಕೆಲಸ ಮಾಡದ ಸಿಲಿಂಡರಿನ ಕವಲು ಉಳಿದವುಗಳಿಗಿಂತ ತಣ್ಣಗಿರುತ್ತದೆ. ಹಳೆಯ ಗ್ಯಾರೇಜುಗಳ ಇನ್ನೊಂದು ವಿಧಾನವೂ ಇದೆ: ಐಡ್ಲಿಂಗ್‌ನಲ್ಲಿ ಒಂದೊಂದೇ ನಾಝಲ್‌ನ ಪೈಪ್ ನಟ್ಟನ್ನು, ಸಾಮಾನ್ಯವಾಗಿ 17ರ ಸ್ಪ್ಯಾನರ್‌ನಲ್ಲಿ, ಅರ್ಧ ಸುತ್ತು ಸಡಿಲಿಸಿ ನೋಡುವುದು. ಎಂಜಿನ್ನಿನ ಸದ್ದು ಬಿದ್ದುಹೋದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ಸದ್ದು ಏನೂ ಬದಲಾಗದಿದ್ದರೆ ರೋಗ ಅಲ್ಲೇ ಇದೆ. ಆ ನಟ್ಟಿನ ಸುತ್ತ ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು, ಕೈಯನ್ನು ದೂರವಿಟ್ಟೇ ಈ ಕೆಲಸ ಮಾಡಬೇಕು, ಏಕೆಂದರೆ ಒತ್ತಡದ ಡೀಸೆಲ್ ಚರ್ಮ ಭೇದಿಸಿ ಒಳಹೊಕ್ಕರೆ ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕಾದ ಅಪಾಯ ಅದು. ನಿಮ್ಮದು ಕಾಮನ್ ರೈಲ್ ಗಾಡಿಯಾಗಿದ್ದರೆ, ಅಂದರೆ ಎಲ್ಲ ನಾಝಲ್‌ಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಬಗೆಯಾಗಿದ್ದರೆ, ಪೈಪ್ ಸಡಿಲಿಸುವ ಮಾತೇ ಬೇಡ. ಅಲ್ಲಿನ ಒತ್ತಡ 1000 ಬಾರ್‌ಗೂ ಮೀರಿ ಹೋಗುತ್ತದೆ, ಪೈಪ್ ಸಡಿಲಿಸುವ ಬದಲು ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ.

ರೋಗದ ಸಿಲಿಂಡರ್ ಮೂರನೆಯದು ಎಂದಿಟ್ಟುಕೊಳ್ಳಿ. ಅದರ ನಾಝಲನ್ನು ಹೋಲ್ಡರ್ ಸಮೇತ ತೆಗೆದು ಎರಡನೆಯದಕ್ಕೆ ಹಾಕಿ, ಎರಡನೆಯದನ್ನು ಮೂರಕ್ಕೆ ಹಾಕಿ. ಮಿಸ್ಸಿಂಗ್ ಎರಡಕ್ಕೆ ಹೋದರೆ ತಪ್ಪು ನಾಝಲ್ಲಿನದು, ಹೊಸದಾದರೂ ಸರಿಯೇ. ಹೊಸ ನಾಝಲನ್ನು ಟೆಸ್ಟರ್‌ನಲ್ಲಿ ಒತ್ತಡಕ್ಕೆ ಸೆಟ್ ಮಾಡದೆ ಹಾಗೆಯೇ ಕೂರಿಸುವವರು ಇದ್ದಾರೆ. ಸಿಲಿಂಡರಿನೊಳಕ್ಕೇ ನೇರವಾಗಿ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಅದು ತೆರೆದುಕೊಳ್ಳಬೇಕಾದ ಒತ್ತಡ ಸಾಮಾನ್ಯವಾಗಿ 200 ಬಾರ್ ಅಥವಾ ಅದಕ್ಕೂ ಹೆಚ್ಚು, ಪಕ್ಕದ ಚಿಕ್ಕ ಕೋಣೆಗೆ ಸಿಂಪಡಿಸುವ ಹಳೆಯ ಇನ್‌ಡೈರೆಕ್ಟ್ ಎಂಜಿನ್‌ಗಳಲ್ಲಿ 130ರ ಆಸುಪಾಸು. ನಿಮ್ಮ ಎಂಜಿನ್ನಿನ ನಿಖರ ಅಂಕಿ ಅದರ ಕೈಪಿಡಿಯಲ್ಲಿದೆ. ತೆರೆಯುವ ಒತ್ತಡಕ್ಕಿಂತ 20 ಬಾರ್ ಕಡಿಮೆಯಲ್ಲಿ ಹತ್ತು ಸೆಕೆಂಡು ಹಿಡಿದರೂ ತುದಿಯಿಂದ ಹನಿ ಬೀಳಬಾರದು. ನಾಝಲ್ ತೆಗೆದಾಗ ಕುಳಿಯ ತಳವನ್ನು ಟಾರ್ಚ್ ಹಾಕಿ ನೋಡುವುದನ್ನು ಮಾತ್ರ ಮರೆಯಬೇಡಿ: ಹಳೆಯ ತಾಮ್ರದ ವಾಷರ್ ಅಲ್ಲೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದನ್ನು ಹಾಕಿದರೆ ನಾಝಲ್ಲಿನ ತುದಿ ಮೇಲಕ್ಕೇ ಉಳಿದು ಸಿಂಪಡಣೆಯ ದಿಕ್ಕು ಕೆಡುತ್ತದೆ. ನಾಲ್ಕು ನಾಝಲ್ ಬದಲಾಯಿಸಿದ ಮೇಲೂ ಗುಣವಾಗದ ಗಾಡಿಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಮಿಸ್ಸಿಂಗ್ ಮೂರರಲ್ಲೇ ಉಳಿದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲೆ ಬಿಡುವ ಸಣ್ಣ ಸಂದು) ನೋಡಿಸಿ, ಆಮೇಲೆ ಕಂಪ್ರೆಷನ್ ಅಳೆಸಿ. ಪೆಟ್ರೋಲ್ ಎಂಜಿನ್ನಿನ ಗೇಜ್ ಇದಕ್ಕೆ ಸಾಲದು. ಸುಸ್ಥಿತಿಯ ಡೀಸೆಲ್ ಎಂಜಿನ್ ಸುಮಾರು 25ರಿಂದ 30 ಬಾರ್ ತೋರಿಸುತ್ತದೆ, ಆದರೆ ಆ ಅಂಕಿಗಿಂತ ನಾಲ್ಕರ ನಡುವಿನ ಸಮತೆ ಮುಖ್ಯ. ಮೂರು ಸಿಲಿಂಡರ್ 26 ತೋರಿಸಿ ಒಂದು 18ಕ್ಕೆ ನಿಂತರೆ ಚಳಿಯಲ್ಲಿ ನಡುಗುವುದಕ್ಕೂ ಬಿಳಿ ಹೊಗೆಗೂ ಬೇರೆ ಕಾರಣ ಹುಡುಕಬೇಕಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಮಾಡುವಂತೆ ಸಿಲಿಂಡರ್‌ಗೆ ಆಯಿಲ್ ಸುರಿದು ಮತ್ತೆ ಅಳೆಯಲು ಬಿಡಬೇಡಿ: ಡೀಸೆಲ್ಲಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ತೀರಾ ಕಡಿಮೆ, ಆಯಿಲ್ ಹೆಚ್ಚಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದರ ಬದಲು ಆ ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ತುದಿಗೆ ತಂದು ನಿಲ್ಲಿಸಿ, ನಾಝಲ್ ಕುಳಿಯ ಮೂಲಕ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡಿ. ಏರ್ ಫಿಲ್ಟರ್ ಕಡೆ ಸುಯ್ ಎಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಗ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಜೋರಾಗಿ ಬಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು ಬಿಟ್ಟ ಹೆಡ್.

ಪಂಪಿನ ವಿಷಯಕ್ಕೆ ಬಂದರೆ, ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮಲ್ಲಿ ಎಷ್ಟೋ ಮಂದಿ ಇಂದಿಗೂ ಮೈಕೋ ಪಂಪ್ ಎಂದೇ ಕರೆಯುವ ಈ ಪಂಪ್‌ಗಳಲ್ಲಿ ಎರಡು ಬಗೆಯಿವೆ. ಇನ್‌ಲೈನ್ ಪಂಪಿನಲ್ಲಿ ಪ್ರತಿ ಸಿಲಿಂಡರ್‌ಗೂ ಬೇರೆ ಪ್ಲಂಜರ್ (ಡೀಸೆಲ್ ಒತ್ತುವ ಪುಟ್ಟ ಪಿಸ್ಟನ್) ಇರುವುದರಿಂದ ಒಂದು ಕೆಟ್ಟು ಮೂರು ಚೆನ್ನಾಗಿರುವುದು ಸಾಧ್ಯ. ವಿಇ ಮಾದರಿಯ ರೋಟರಿ ಪಂಪಿನಲ್ಲಿ ಒಂದೇ ಪ್ಲಂಜರ್ ನಾಲ್ಕಕ್ಕೂ ಹಂಚುತ್ತದೆ. ಅದು ಸವೆದರೆ ನಾಲ್ಕೂ ಸೊರಗುತ್ತವೆ. ಅಲ್ಲಿ ಒಂದೇ ಸಿಲಿಂಡರ್ ಕೆಟ್ಟಿದ್ದರೆ ಪಂಪಿನೊಳಗೆ ಮೊದಲು ಅನುಮಾನಿಸಬೇಕಾದದ್ದು ಆ ದಾರಿಯ ಡೆಲಿವರಿ ವಾಲ್ವನ್ನು, ಅಂದರೆ ಪಂಪಿನಿಂದ ಆ ಪೈಪಿಗೆ ಡೀಸೆಲ್ ಬಿಡುವ ವಾಲ್ವನ್ನು. ಬಹುತೇಕ ಅದನ್ನು ಇಡೀ ಪಂಪ್ ಇಳಿಸದೆಯೇ ನೋಡಬಹುದು. ನಿಮ್ಮ ಮೆಕ್ಯಾನಿಕ್‌ರನ್ನು ನಾನು ದೂರುತ್ತಿಲ್ಲ, ಆದರೆ ಯಾವ ಸಿಲಿಂಡರ್, ಕಂಪ್ರೆಷನ್ ಎಷ್ಟು ಎಂಬ ಎರಡು ಉತ್ತರ ಕೈಯಲ್ಲಿಲ್ಲದೆ ಪಂಪ್ ಇಳಿಸಲು ಒಪ್ಪಬೇಡಿ.

ರೇಡಿಯೇಟರ್‌ನಲ್ಲಿ ಗುಳ್ಳೆ ಕಂಡರೆ ಲೋಡ್ ಹಾಕಿ ಓಡಿಸುವುದನ್ನು ಅಂದೇ ನಿಲ್ಲಿಸಿ. ಹೆಡ್ ಇಳಿಸಿದಾಗ ಬಿರುಕಿನ ಪರೀಕ್ಷೆಯನ್ನೂ ಮಟ್ಟದ ಪರೀಕ್ಷೆಯನ್ನೂ ಮಾಡಿಸಿ, ಮತ್ತು ಹಳೆಯ ಗ್ಯಾಸ್ಕೆಟ್ಟನ್ನು ಬಿಸಾಡುವ ಮೊದಲು ಅದರ ಅಂಚಿನಲ್ಲಿ ದಪ್ಪವನ್ನು ಸೂಚಿಸುವ ಕಚ್ಚು ಅಥವಾ ತೂತುಗಳಿದ್ದರೆ ಅವನ್ನು ಎಣಿಸಿ ಅಷ್ಟೇ ದಪ್ಪದ್ದನ್ನು ತನ್ನಿ. ತೆಳುವಾದದ್ದು ಬಂದರೆ ಪಿಸ್ಟನ್ ಹೆಡ್‌ಗೆ ತಾಗಬಹುದು, ದಪ್ಪದ್ದು ಬಂದರೆ ಕಂಪ್ರೆಷನ್ ಮತ್ತೆ ಇಳಿಯುತ್ತದೆ.