ದಾವೆ ಮನುಷ್ಯನ ಮೇಲಲ್ಲ, ಕಾರಿನ ಮೇಲೆ

ಅಪರಾಧ ಸಾಬೀತಾಗದಿದ್ದರೂ ಅಮೆರಿಕದ ಪೊಲೀಸರು ಕಾರು, ನಗದು ಹೇಗೆ ಮುಟ್ಟುಗೋಲು ಹಾಕಿಕೊಳ್ಳುತ್ತಾರೆ ಎಂದು ಕೇಳಿದ್ದೀರಿ. ಸಿವಿಲ್ ಮುಟ್ಟುಗೋಲಿನಲ್ಲಿ ದಾವೆ ಹೂಡುವುದು ವಸ್ತುವಿನ ಮೇಲೆ, ಹಾಗಾಗಿ ಮಾಲೀಕನಿಗೆ ಶಿಕ್ಷೆ ಆಗಿರಲೇಬೇಕೆಂದಿಲ್ಲ. ಸರ್ಕಾರದ ಖರ್ಚಿನ ವಕೀಲರೂ ಸಾಮಾನ್ಯವಾಗಿ ಸಿಗುವುದಿಲ್ಲ. ಎಷ್ಟೋ ರಾಜ್ಯಗಳಲ್ಲಿ ಆ ಹಣದ ಪಾಲು ಪೊಲೀಸ್ ಇಲಾಖೆಗೇ ಹೋಗುತ್ತದೆ. ನನ್ನ ಮಟ್ಟಿಗೆ ದೊಡ್ಡ ಅನ್ಯಾಯ ಇದೇ.

ಇಂಡಿಯಾನಾ ರಾಜ್ಯದಲ್ಲಿ ಮಾದಕವಸ್ತು ಮಾರಿದ ತಪ್ಪೊಪ್ಪಿಕೊಂಡಿದ್ದವನೊಬ್ಬನ ಪ್ರಕರಣವನ್ನೇ ನೋಡಿ. ಆ ಅಪರಾಧಕ್ಕೆ ಗರಿಷ್ಠ ದಂಡ 10,000 ಡಾಲರ್. ಕಸಿದುಕೊಂಡದ್ದು ಸುಮಾರು 42,000 ಡಾಲರಿನ ಲ್ಯಾಂಡ್ ರೋವರ್, ಅದೂ ಅಪ್ಪ ತೀರಿಕೊಂಡಾಗ ಬಂದ ವಿಮೆ ಹಣದಲ್ಲಿ ಕೊಂಡದ್ದು! ಅತಿಯಾದ ದಂಡಕ್ಕೆ ಸಂವಿಧಾನ ಹಾಕಿರುವ ತಡೆ ರಾಜ್ಯಗಳಿಗೂ ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಪದ್ಧತಿಯನ್ನು ಮಾತ್ರ ರದ್ದು ಮಾಡಲಿಲ್ಲ. ನ್ಯೂ ಮೆಕ್ಸಿಕೊ ರಾಜ್ಯ 2015ರಲ್ಲೇ ಅದನ್ನು ರದ್ದು ಮಾಡಿದೆ.