ನೊಣ ಕಡಿಮೆಯಾದರೂ ಮುಟುರು ಯಾಕೆ ಹೋಗಲಿಲ್ಲ?

ಪ್ರಶ್ನೆ: ಅರ್ಧ ಎಕರೆ ಟೊಮೆಟೊ ಹಾಕಿದ್ದೇನೆ. ನಾಟಿ ಮಾಡಿ 25 ದಿನ. ಬದುವಿನ ಕಡೆಯ ಸುಮಾರು 30 ಗಿಡಗಳ ಎಲೆ ಮುದುರಿ ಹಳದಿಯಾಗಿವೆ. ಬಿಳಿನೊಣಕ್ಕೆ ಮೂರು ಸಲ ಔಷಧಿ ಹೊಡೆದೆ. ನೊಣ ಕಡಿಮೆಯಾಯಿತು, ಎಲೆ ಮುದುರುವ ಈ ಮುಟುರು ರೋಗ ಹಾಗೇ ಇದೆ. ಇನ್ನೊಂದು ಸಲ ಹೊಡೆಯಲೇ?
– ಒಬ್ಬ ರೈತ, ಮುಳಬಾಗಿಲು ತಾಲ್ಲೂಕು

ಉತ್ತರ: ಆ 30 ಗಿಡಗಳಿಗೆ ಹೊಡೆಯಬೇಡಿ, ಕಿತ್ತುಬಿಡಿ. ಹೂ ಬರುವ ಹೊತ್ತಿಗೆ ಗಿಡ ಕೀಳೋದು ಎಂಥ ಸಂಕಟ ಅಂತ ನನಗೆ ಗೊತ್ತು. ಆದರೆ ಎಲೆ ಮುದುರಿಸುತ್ತಿರುವುದು ನೊಣವಲ್ಲ, ಅದು ತಂದು ಬಿಟ್ಟ ನಂಜು, ಅಂದರೆ ವೈರಸ್. ಗಿಡದೊಳಗೆ ಸೇರಿದ ಮೇಲೆ ಅದನ್ನು ತೆಗೆಯುವ ಔಷಧಿ ಇಲ್ಲ.

ಬಿಳಿನೊಣ ಒಂದು ಮಿಲಿಮೀಟರಿನಷ್ಟು ಉದ್ದ, ಅಷ್ಟೇ. ರೋಗದ ಗಿಡದಲ್ಲಿ ಅರ್ಧ ಗಂಟೆ ರಸ ಹೀರಿದರೆ ಸಾಕು, ನಂಜು ಅದರ ಮೈ ಸೇರುತ್ತದೆ. ಆಮೇಲೆ ಎಷ್ಟೋ ದಿನ, ಕೂತ ಗಿಡಕ್ಕೆಲ್ಲ ದಾಟಿಸುತ್ತದೆ. ಅಂಟಿದ ನಂಜು ಎಲೆಯಲ್ಲಿ ಕಾಣಲು ಎರಡು ಮೂರು ವಾರ ಬೇಕು. ಲೆಕ್ಕ ಹಾಕಿ ನೋಡಿ: ಈಗ ಕಾಣುತ್ತಿರುವುದು ನಾಟಿಯ ಆಸುಪಾಸಿನಲ್ಲಿ, ಇಲ್ಲವೇ ಸಸಿಮಡಿಯಲ್ಲೇ ಅಂಟಿದ್ದು. ನಿಮ್ಮ ಔಷಧಿ ತಡವಾಯಿತು, ಅಲ್ವಾ?

ನಿಮ್ಮ ಸೀಮೆಗೆ ಈ ಜೋಡಿ ಹೊಸದಲ್ಲ. 1999ರಲ್ಲಿ ಕೋಲಾರದ ಟೊಮೆಟೊ ತೋಟಗಳಲ್ಲಿ ಮುಟುರು ವಿಪರೀತವಾದಾಗ, 'ಬಿ' ಬಗೆ ಎಂಬ ಹೊರದೇಶದ ಬಿಳಿನೊಣ ಅಲ್ಲಿ ಸಿಕ್ಕಿತ್ತು.

ಕೀಳುವುದರಲ್ಲೂ ಜಾಗ್ರತೆ ಬೇಕು. ಒಮ್ಮೆ ನಾನು ಮಧ್ಯಾಹ್ನ ಗಿಡ ಕಿತ್ತು, ಬದುವಿನ ಮೇಲೆ ಎಸೆದು ಬಂದೆ. ಗಿಡ ಅಲುಗಿದ್ದೇ ತಡ, ಹಿಟ್ಟು ಕೊಡವಿದ ಹಾಗೆ ನೊಣ ಎದ್ದು ಪಕ್ಕದ ಸಾಲಿಗೆ ಹೋಗಿ ಕೂತವು. ಮೂರು ವಾರಕ್ಕೆ ಆ ಸಾಲೂ ಮುದುರಿತು. ಇವತ್ತಿಗೂ ಆ ಬೇಸರ ಹೋಗಿಲ್ಲ. ನೀವು ನಸುಕಿನಲ್ಲಿ, ಇಬ್ಬನಿ ಇರುವಾಗಲೇ ಹೋಗಿ. ನೊಣ ಆಗ ಚುರುಕಾಗಿ ಹಾರುವುದಿಲ್ಲ. ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಕವುಚಿ, ಬುಡ ಹಿಡಿದು ಕೀಳಿ. ಚೀಲದ ಬಾಯಿ ಕಟ್ಟಿ, ತೋಟದ ಹೊರಗೆ ಒಯ್ದು ಗಿಡ ಹೂಳಿ.

ಬದುವಿನ ಕಡೆಯೇ ಮೊದಲು ಯಾಕೆ ಬಂತು? ಅಲ್ಲಿ ಕಾಂಗ್ರೆಸ್ ಗಿಡ ಬೆಳೆದಿದೆಯೇ ನೋಡಿ. ಈ ನಂಜು ಕೆಲವು ಕಳೆಗಳಲ್ಲೂ ಉಳಿಯುತ್ತದೆ, ನೊಣಕ್ಕೂ ಅವೇ ಆಸರೆ. ಅವನ್ನೂ ತೆಗೆಯಿರಿ. ಉಳಿದ ಗಿಡಗಳ ಎಲೆ ಮಗುಚಿ, ಅಡಿಭಾಗ ನೋಡುತ್ತಿರಿ. ಅಲ್ಲಿ ನೊಣ ಕಂಡರೆ ಮಾತ್ರ ಔಷಧಿಯ ಮಾತು.

ಮುಂದಿನ ಸಲ ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಮುಟುರನ್ನು ತಡೆದುಕೊಳ್ಳುತ್ತದೆ. ಈಗ ಕಿತ್ತ ಜಾಗಕ್ಕೆ ಮಾತ್ರ ಹೊಸ ಟೊಮೆಟೊ ಸಸಿ ತುಂಬಬೇಡಿ. ಎಳೆ ಗಿಡಕ್ಕೇ ನಂಜಿನ ಹೊಡೆತ ಜಾಸ್ತಿ. ಅಲ್ಲಿ ಕೊತ್ತಂಬರಿ ಬೀಜ ಚೆಲ್ಲಿ.